ಹಿಡಿದೂ ಹಿಡಿಯದ ಕೈ: ಹದಿನೆಂಟನೆಯ ಶತಮಾನದ ಚಿತ್ರಗಳಲ್ಲಿ ಪ್ರಣಯ, ಮದುವೆ, ಮನೆ

ಪರದೆಯ ಮೇಲೆ ಈಗ ನಿಮಗೆ ಕಾಣುತ್ತಿರುವುದು ಒಂದು ತೈಲಚಿತ್ರದ ಅಂಗೈಯಗಲದ ತುಣುಕು ಮಾತ್ರ. ಪೂರ್ತಿ ಚಿತ್ರವನ್ನು ಬೇಕೆಂದೇ ತೋರಿಸಿಲ್ಲ. ಈ ತುಣುಕಿನಲ್ಲಿ ಒಬ್ಬ ಹುಡುಗಿಯ ತೋಳು ಒಬ್ಬ ಹುಡುಗನ ತೋಳಿನಡಿ ಅರ್ಧ ತೂರಿ ಬಂದು, ಮುಂದೇನು ಮಾಡಬೇಕೆಂದು ತಿಳಿಯದೆ ಅಲ್ಲಿಯೇ ನಿಂತುಬಿಟ್ಟಿದೆ. ಅವಳು ಅವನ ಕೈಯನ್ನು ಹಿಡಿದಿಲ್ಲ. ಬೆರಳುಗಳ ತುದಿ ಇಳಿಬಿದ್ದು ಅವನ ಕೈಯ ಮೇಲೆ ಮೆಲ್ಲಗೆ ತಂಗಿದೆ, ಅಷ್ಟೆ. ಹೆಂಡತಿಯನ್ನು ಕೈಹಿಡಿದವಳು ಎಂದೂ ಮದುವೆಯನ್ನು ಪಾಣಿಗ್ರಹಣ ಎಂದೂ ಕರೆಯುವ ಭಾಷೆಯವರಾದ ನಮಗೆ ಈ ಅರ್ಧ ಹಿಡಿತದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂದಿನ ಮಾತಿನುದ್ದಕ್ಕೂ ನಾನು ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ: ಮುಖಗಳನ್ನು ಸ್ವಲ್ಪ ಹೊತ್ತು ಮರೆತು ಕೈಗಳನ್ನು ನೋಡಿ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಪ್ರಣಯವನ್ನೂ ಸಂಸಾರವನ್ನೂ ಬರೆದ ಚಿತ್ರಕಾರರು ಶಿಷ್ಟಾಚಾರವನ್ನು ಮುಖಗಳಿಗೆ ಒಪ್ಪಿಸಿ, ಒಳಗಿನ ಮಾತನ್ನು ಕೈಗಳಿಗೆ ಬಿಟ್ಟರು ಎಂಬುದು ನನ್ನ ತಿಳಿವಳಿಕೆ. ಈ ತುಣುಕು ಯಾವ ಚಿತ್ರದ್ದು ಎಂಬುದನ್ನು ಆಮೇಲೆ ಹೇಳುತ್ತೇನೆ.

ಇಂಥ ಚಿತ್ರಗಳನ್ನು ಫ್ರೆಂಚರು 'ಜಾನ್ರ್' ಎಂದು ಕರೆಯುತ್ತಾರೆ. ಆ ಪದಕ್ಕೆ ಬಗೆ, ಪ್ರಕಾರ ಎಂಬುದಕ್ಕಿಂತ ಹೆಚ್ಚಿನ ಅರ್ಥವೇನೂ ಇಲ್ಲ. ಆದರೆ ಅದರ ಹಿಂದೆ ಒಂದು ಶ್ರೇಣಿ ವ್ಯವಸ್ಥೆ ಇತ್ತು. 1648ರಲ್ಲಿ ಸ್ಥಾಪನೆಯಾದ ಪ್ಯಾರಿಸಿನ ರಾಜ ಅಕಾಡೆಮಿಯ ಕಣ್ಣಿನಲ್ಲಿ ಬೈಬಲ್, ಪುರಾಣ ಮತ್ತು ಪ್ರಾಚೀನ ಚರಿತ್ರೆಯ ಪ್ರಸಂಗಗಳನ್ನು ಬರೆಯುವವನೇ ಎಲ್ಲರಿಗಿಂತ ಮೇಲಿನವನು. ಅವನ ಕೆಳಗೆ ವ್ಯಕ್ತಿಚಿತ್ರ, ನಿತ್ಯಜೀವನದ ಚಿತ್ರ, ಭೂದೃಶ್ಯಗಳನ್ನು ಬರೆಯುವವರು. ಎಲ್ಲರಿಗಿಂತ ಕೆಳಗೆ ಹಣ್ಣು, ಪಾತ್ರೆ, ಸತ್ತ ಮೊಲಗಳನ್ನು ಬರೆಯುವವರು. 1667ರಲ್ಲಿ ಫೆಲಿಬಿಯಾಂ ಎಂಬ ವಿದ್ವಾಂಸ ಇದನ್ನು ಬರಹದಲ್ಲಿಯೇ ಗಟ್ಟಿಮಾಡಿದನು. ಚರಿತ್ರೆಯ ಚಿತ್ರಕಾರನಾಗದೆ ಅಕಾಡೆಮಿಯಲ್ಲಿ ಪ್ರಾಧ್ಯಾಪಕನಾಗುವಂತಿರಲಿಲ್ಲ. ಅಡುಗೆಯವಳನ್ನೋ ಪತ್ರ ಓದುವ ಹುಡುಗಿಯನ್ನೋ ಬರೆದವನು ಎಷ್ಟೇ ನುರಿತವನಾಗಿದ್ದರೂ ಊಟದ ಪಂಕ್ತಿಯಲ್ಲಿ ಅವನಿಗೆ ಕೊನೆಯ ಎಲೆ.

ಹೀಗಿದ್ದೂ ಜನ ಮುಗಿಬಿದ್ದು ನೋಡಿದ್ದು ಈ ಕೆಳಗಿನ ಸಾಲಿನವರ ಚಿತ್ರಗಳನ್ನೇ. ಅದಕ್ಕೆ ಕಾರಣವಾದದ್ದು ಲೂವ್ರ್ ಅರಮನೆಯ ಒಂದು ಚೌಕಾಕಾರದ ದೊಡ್ಡ ಕೋಣೆ. 1737ರಿಂದ ಅಲ್ಲಿ ಅಕಾಡೆಮಿಯ ಸದಸ್ಯರ ಪ್ರದರ್ಶನ ಕ್ರಮವಾಗಿ ನಡೆಯತೊಡಗಿತು. 1751ರ ನಂತರ ಎರಡು ವರ್ಷಕ್ಕೊಮ್ಮೆ. ಆಗಸ್ಟ್ 25ರ ಸಂತ ಲೂಯಿಯ ಹಬ್ಬದ ದಿನ ಬಾಗಿಲು ತೆರೆಯುತ್ತಿದ್ದರು. ಕೋಣೆಯ ಹೆಸರೇ ಪ್ರದರ್ಶನಕ್ಕೂ ಅಂಟಿಕೊಂಡು ಅದು 'ಸಲೋನ್' ಆಯಿತು. ಪ್ರವೇಶಕ್ಕೆ ಹಣವಿರಲಿಲ್ಲವಾದ್ದರಿಂದ ರಾಜಸಭೆಯವರ ಪಕ್ಕದಲ್ಲಿಯೇ ಅಂಗಡಿಯವರೂ ಮನೆಗೆಲಸದವರೂ ನಿಂತು ನೋಡುತ್ತಿದ್ದರು. ಚೌಕಟ್ಟಿಗೆ ಚೌಕಟ್ಟು ತಾಗುವಂತೆ ನೆಲದ ಹತ್ತಿರದಿಂದ ಮಾಡಿನವರೆಗೆ ಚಿತ್ರಗಳು. 1759ರಿಂದ ದಿದೆರೊ ಎಂಬ ಚಿಂತಕ ಈ ಪ್ರದರ್ಶನಗಳ ಬಗ್ಗೆ ಬರೆಯತೊಡಗಿದನು. ಅವನ ಬರಹ ಅಚ್ಚಾಗದೆ, ಕೈಬರಹದ ಪತ್ರಿಕೆಯೊಂದರ ಮೂಲಕ ಯುರೋಪಿನ ಕೆಲವೇ ದೊರೆಗಳ ಮನೆಗಳನ್ನು ಸೇರುತ್ತಿತ್ತು. ಇಂದು ನಾವು ಆ ಕೋಣೆಯ ಗದ್ದಲವನ್ನು ಕೇಳಿಸಿಕೊಳ್ಳುವುದು ಬಹುಮಟ್ಟಿಗೆ ಅವನ ಕಿವಿಯ ಮೂಲಕವೇ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗಲು ಅನುಮತಿ ಕೊಡಿ. ಏಕೆಂದರೆ ಆ ಕೋಣೆಯ ಗೋಡೆಗೆ ನಮ್ಮ ಕಡೆಯವರೊಬ್ಬರೂ ಏರಿದ್ದಾರೆ. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಿಂದ ಫ್ರಾನ್ಸಿಗೆ ಕಳುಹಿಸಿದ ಮೂವರು ರಾಯಭಾರಿಗಳು 1788ರಲ್ಲಿ ತೂಲೋನ್ ಬಂದರಿನಲ್ಲಿ ಇಳಿದು ಪ್ಯಾರಿಸ್ ತಲುಪಿದರು. ಅವರಲ್ಲಿ ಒಬ್ಬರಾದ ಮೊಹಮ್ಮದ್ ದರ್ವೇಶ್ ಖಾನರ ಆಳೆತ್ತರದ ಚಿತ್ರವನ್ನು ಎಲಿಜಬೆತ್ ವಿಜೇ ಲ ಬ್ರುನ್ ಎಂಬ ಚಿತ್ರಕಾರ್ತಿ ಬರೆದಳು. ಚಿತ್ರಕ್ಕೆ ನಿಲ್ಲಲು ಅವರು ಮೊದಲು ಒಪ್ಪಲಿಲ್ಲವೆಂದೂ, ದೊರೆಯೇ ಕೇಳಿದ ಮೇಲೆ ಒಪ್ಪಿದರೆಂದೂ, ಮುಗಿದ ಚಿತ್ರವನ್ನು ಖಾನರು ತಮ್ಮಲ್ಲಿಯೇ ಬಚ್ಚಿಟ್ಟುಕೊಂಡಿದ್ದರಿಂದ ಸೇವಕನ ಕೈಯಲ್ಲಿ ಗುಟ್ಟಾಗಿ ತರಿಸಬೇಕಾಯಿತೆಂದೂ ಆಕೆ ತನ್ನ ನೆನಪುಗಳಲ್ಲಿ ಹೇಳಿದ್ದಾಳೆ. ಬಿಳಿಯ ಮಸ್ಲಿನ್ ಉಡುಪಿನ ಆ ಮನುಷ್ಯನ ಕೈ ಕತ್ತಿಯ ಹಿಡಿಯ ಮೇಲಿದೆ. ಅದು ವ್ಯಕ್ತಿಚಿತ್ರ, ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ಸೇರಿದ್ದಲ್ಲ. ಆದರೆ ಪ್ಯಾರಿಸಿನ ಬಾಸ್ಟೀಲ್ ಸೆರೆಮನೆ ಬಿದ್ದು ಫ್ರಾನ್ಸಿನ ಕ್ರಾಂತಿ ಶುರುವಾದ ಮರುತಿಂಗಳು, 1789ರ ಸಲೋನಿನಲ್ಲಿ ಅದು ನೇತಾಡಿದ್ದನ್ನು ಮೈಸೂರು ಸೀಮೆಯವರಾದ ನಾವು ನೆನಪಿನಲ್ಲಿಟ್ಟುಕೊಳ್ಳಬಹುದು. ಈಗ ಶತಮಾನದ ಆರಂಭಕ್ಕೆ ಹೋಗೋಣ.

1717ರಲ್ಲಿ ಆಂತ್ವಾನ್ ವಾತೋ ಅಕಾಡೆಮಿಗೆ, ಸದಸ್ಯನಾಗಲು ಕೊಡಬೇಕಾದ, ತನ್ನ ಪ್ರವೇಶದ ಚಿತ್ರವನ್ನು ಒಪ್ಪಿಸಿದನು. ಐದು ವರ್ಷ ಕಾಯಿಸಿದ್ದನು. ಅಕಾಡೆಮಿ ಮತ್ತೆ ಮತ್ತೆ ಕೇಳಿ ದಣಿದಿತ್ತು. ಕೊನೆಗೆ ಬಂದದ್ದು ಪ್ರೇಮದೇವತೆ ವೀನಸ್ಸಳ ದ್ವೀಪವಾದ ಸಿಥೆರಾದ ಯಾತ್ರೆಯ ಚಿತ್ರ. ರೇಷ್ಮೆಯುಟ್ಟ ಜೋಡಿಗಳು, ಮಂಜು ಕವಿದ ನೀರು, ಹೂಮಾಲೆ ಸುತ್ತಿದ ವೀನಸ್ ವಿಗ್ರಹ. ಇದು ಪುರಾಣವೂ ಅಲ್ಲ, ದಿನಚರಿಯೂ ಅಲ್ಲವೆಂದು ಕಂಡ ಅಕಾಡೆಮಿ ಇದನ್ನು 'ಫೆತ್ ಗಲಾಂತ್', ಅಂದರೆ ಸರಸದ ಸಂತೋಷಕೂಟ, ಎಂದು ದಾಖಲಿಸಿತು. ಬಲಗಡೆಯಿಂದ ಎಡಕ್ಕೆ ಮೂರು ಜೋಡಿಗಳನ್ನು ನೋಡಿ. ಮೊದಲನೆಯ ಗಂಡು ಮಂಡಿಯೂರಿ ಪಿಸುಗುಡುತ್ತಿದ್ದಾನೆ, ಹೆಣ್ಣು ಕೇಳಿಯೂ ಕೇಳದಂತೆ ತಲೆ ತಗ್ಗಿಸಿದ್ದಾಳೆ. ಎರಡನೆಯವನು ಎದ್ದು ನಿಂತು ಹೆಣ್ಣಿನ ಎರಡೂ ಕೈಗಳನ್ನು ಹಿಡಿದು ಎಬ್ಬಿಸುತ್ತಿದ್ದಾನೆ. ಮೂರನೆಯವನ ತೋಳು ಅವಳ ಸೊಂಟದ ಸುತ್ತ ಹೋಗಿದೆ. ಅವಳು ನಡೆಯುತ್ತಲೇ ಹಿಂತಿರುಗಿ ನೋಡುತ್ತಿದ್ದಾಳೆ. ಇವರು ಮೂರು ಜೋಡಿಗಳಲ್ಲ, ಒಂದೇ ಜೋಡಿಯ ಮೂರು ಗಳಿಗೆಗಳು ಎಂದು ಶಿಲ್ಪಿ ರೋದ್ಯಾಂ ವಿವರಿಸಿದ್ದನು. ಅವರು ದ್ವೀಪಕ್ಕೆ ಹೊರಟವರೋ ದ್ವೀಪದಿಂದ ಮರಳುತ್ತಿರುವವರೋ ಎಂಬುದರ ಬಗ್ಗೆ 1961ರಿಂದ ಈಚೆಗೆ ವಿದ್ವಾಂಸರಲ್ಲಿ ವಾಗ್ವಾದವೇ ನಡೆದಿದೆ. ವಿಗ್ರಹ ಈ ದಡದಲ್ಲಿಯೇ ಇರುವುದರಿಂದ ಮರಳುವವರೆಂಬ ವಾದಕ್ಕೆ ಬಲವಿದೆ. ಆ ಹಿಂತಿರುಗಿದ ನೋಟವೂ ಅದನ್ನೇ ಹೇಳುತ್ತದೆ ಎಂದು ನನಗೆ ತೋರುತ್ತದೆ. ಅದು ಹೇಗಾದರೂ ಇರಲಿ, ಈ ತೋಟದಲ್ಲಿ ಅಪ್ಪ ಅಮ್ಮ ಇಲ್ಲ, ಬೀಗರಿಲ್ಲ, ನಾಳೆಯ ಅಡುಗೆಯ ಯೋಚನೆ ಇಲ್ಲ. ಕೈಗಳು ಬೇಕಾದಂತೆ ಬೆಸೆಯುತ್ತವೆ.

ತೋಟದ ಪ್ರಣಯವನ್ನು ಮನೆಯೊಳಗೆ ಕರೆತಂದವನು ಜ್ಯಾಂ-ಫ್ರಾನ್ಸ್ವಾ ದ ತ್ರುವಾ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ 1724ರ ಅವನ ಚಿತ್ರವೊಂದಿದೆ. ಹೆಣ್ಣಿನ ಕಾಲುಚೀಲದ ಪಟ್ಟಿ ಸಡಿಲವಾಗಿದೆ, ಗಂಡು ಅದನ್ನು ಕಟ್ಟಿಕೊಡಲು ಮುಂದೆ ಬಂದಿದ್ದಾನೆ, ಅವಳು ಕೈ ಚಾಚಿ ತಡೆಯುತ್ತಿದ್ದಾಳೆ. ಆ ಕೈ ನಿಜವಾಗಿಯೂ ತಡೆಯುತ್ತಿದೆಯೇ, ಇಲ್ಲವೇ ತಡೆಯುವ ಆಟವೇ ಎಂಬ ಅನುಮಾನವನ್ನು ಚಿತ್ರಕಾರ ಹಾಗೆಯೇ ಉಳಿಸಿದ್ದಾನೆ. ದ ತ್ರುವಾನ ಚಿತ್ರಗಳಲ್ಲಿ ಬಟ್ಟೆಯ ಮೇಲಿನ ಒಂದೊಂದು ಹೂವನ್ನೂ ಎಣಿಸಬಹುದು. ಉಡುಪಿನ ಗೀಳು ಆ ಕಾಲಕ್ಕೆ ಅಷ್ಟಿತ್ತು. ನಮ್ಮ ನಾಡಿನ ಕಡೆಯಿಂದ ಹೋದ ಅಚ್ಚಿನ ಹತ್ತಿ ಬಟ್ಟೆಯನ್ನು ಫ್ರಾನ್ಸ್ 1686ರಿಂದ 1759ರವರೆಗೆ ನಿಷೇಧಿಸಿತ್ತು. ಹಾಗಿದ್ದೂ ಹೆಂಗಸರು ಅದನ್ನು ಉಡುವುದನ್ನು ಬಿಡಲಿಲ್ಲ.

ಈಗ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಲಂಡನ್ನಿಗೆ ಬರೋಣ. ವಿಲಿಯಂ ಹೋಗಾರ್ತ್ 1743ರ ಸುಮಾರಿಗೆ ಬರೆದ ಆರು ಚಿತ್ರಗಳ ಸರಣಿ, 'ಮ್ಯಾರೇಜ್ ಅ-ಲಾ-ಮೋಡ್', ಅಂದರೆ ಹೊಸ ಶೈಲಿಯ ಮದುವೆ, ಅಲ್ಲಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇದರ ಮೊದಲನೆಯ ಚಿತ್ರದ ಮುಂದೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲಿದ್ದೇನೆ, ಏಕೆಂದರೆ ಇಷ್ಟು ಕೈಗಳಿಗೆ ಇಷ್ಟು ಕೆಲಸ ಕೊಟ್ಟ ಚಿತ್ರ ಇನ್ನೊಂದಿಲ್ಲ. ಸಾಲದಲ್ಲಿ ಮುಳುಗಿದ ಒಬ್ಬ ಅರ್ಲ್, ಅಂದರೆ ಬಿರುದಿನ ಕುಲೀನ, ತನ್ನ ಮಗನಿಗೆ ಸಿರಿವಂತ ವ್ಯಾಪಾರಿಯ ಮಗಳನ್ನು ತರುತ್ತಿದ್ದಾನೆ. ಅವನಿಗೆ ಹಣ ಬೇಕು, ಇವನಿಗೆ ಮನೆತನ ಬೇಕು. ವಾತರೋಗದ ಕಾಲಿಗೆ ಬಟ್ಟೆ ಸುತ್ತಿ ಕುಳಿತ ಅರ್ಲ್‌ನ ಕೈ ಇಂಗ್ಲೆಂಡನ್ನು ಗೆದ್ದ ದೊರೆ, ನಾರ್ಮಂಡಿಯ ವಿಲಿಯಮ್‌ನಿಂದ ಹುಟ್ಟಿದ ವಂಶವೃಕ್ಷವನ್ನು ತೋರಿಸುತ್ತಿದೆ. ಕನ್ನಡಕ ಏರಿಸಿಕೊಂಡ ವ್ಯಾಪಾರಿಯ ಕೈಯಲ್ಲಿ ಕರಾರು ಪತ್ರ. ಮಧ್ಯದಲ್ಲಿ ನಿಂತ ಬಡಕಲು ಮನುಷ್ಯನ ಕೈ ಅಡಮಾನದ ಕಾಗದವನ್ನು ನೀಡುತ್ತಿದೆ. ಮೇಜಿನ ಮೇಲೆ ನಾಣ್ಯಗಳ ರಾಶಿ. ಮದುವಣಿಗನು ಮದುವಣಗಿತ್ತಿಗೆ ಬೆನ್ನು ತಿರುಗಿಸಿ, ನಶ್ಯದ ಡಬ್ಬಿ ಹಿಡಿದು, ಕನ್ನಡಿಯ ಕಡೆ ನೋಡುತ್ತಿದ್ದಾನೆ. ಮದುವಣಗಿತ್ತಿಯ ಕೈಯಲ್ಲಿ ಉಂಗುರವಿದೆ. ಅದು ಬೆರಳಿನಲ್ಲಿಲ್ಲ, ಕರವಸ್ತ್ರವನ್ನು ಉಂಗುರದೊಳಗೆ ತೂರಿಸಿ ಅತ್ತಿಂದಿತ್ತ ಎಳೆಯುತ್ತ ಅವಳು ಬೇಸರ ಕಳೆಯುತ್ತಿದ್ದಾಳೆ. ಅವಳ ಕಿವಿಗೆ ಬಾಗಿದ ತರುಣ ವಕೀಲನ ಕೈ ಲೇಖನಿಯ ಗರಿಯನ್ನು ಚೂಪು ಮಾಡುತ್ತಿದೆ. ಕೆಳಗೆ ಒಂದೇ ಸರಪಳಿಗೆ ಕಟ್ಟಿದ ಎರಡು ನಾಯಿಗಳು. ಹೋಗಾರ್ತ್ ಮೆಲುದನಿಯ ಮನುಷ್ಯನಲ್ಲ. ಆ ನಾಯಿಗಳಿಲ್ಲದೆಯೂ ನಮಗೆ ಅರ್ಥವಾಗುತ್ತಿತ್ತು ಎಂದು ನಾನು ಪ್ರತಿಸಲವೂ ಅಂದುಕೊಳ್ಳುತ್ತೇನೆ. ಆದರೆ ಆ ಉಂಗುರದ ಆಟವನ್ನು ಕಂಡುಹಿಡಿದದ್ದಕ್ಕಾಗಿ ನಾಯಿಗಳನ್ನು ಕ್ಷಮಿಸಬಹುದು.

ಎರಡನೆಯ ಚಿತ್ರದಲ್ಲಿ ಸಂಸಾರ ಶುರುವಾಗಿದೆ. ಗಡಿಯಾರ ಮಧ್ಯಾಹ್ನ ಒಂದು ಗಂಟೆ ದಾಟಿದೆ, ಮನೆಯಲ್ಲಿ ಆಗಷ್ಟೇ ಬೆಳಗಾಗಿದೆ. ರಾತ್ರಿಯೆಲ್ಲ ಎಲ್ಲೋ ಅಲೆದು ಬಂದ ಗಂಡ ಜೇಬಿನಲ್ಲಿ ಕೈಯಿಟ್ಟು ಕುರ್ಚಿಯಲ್ಲಿ ಚೆಲ್ಲಿಕೊಂಡಿದ್ದಾನೆ. ಅವನ ಜೇಬಿನಿಂದ ಇಣುಕುವ ಯಾವಳದೋ ಟೋಪಿಯನ್ನು ನಾಯಿಮರಿ ಮೂಸುತ್ತಿದೆ. ಹೆಂಡತಿ ತೋಳುಗಳನ್ನು ಮೇಲೆತ್ತಿ ಮೈಮುರಿಯುತ್ತಿದ್ದಾಳೆ. ಲೆಕ್ಕ ನೋಡುವವನು ಬಿಲ್ಲುಗಳ ಕಟ್ಟನ್ನು ಹಿಡಿದು ಬಂದ ದಾರಿಯಲ್ಲೇ ಹೊರಟಿದ್ದಾನೆ. ಮುಂದಿನದನ್ನು ಬೇಗ ಹೇಳುತ್ತೇನೆ: ಹೆಂಡತಿ ವಕೀಲನೊಡನೆ ಸಿಕ್ಕಿಬೀಳುತ್ತಾಳೆ, ವಕೀಲನ ಕತ್ತಿಗೆ ಗಂಡ ಸಾಯುತ್ತಾನೆ, ವಕೀಲ ನೇಣಿಗೆ ಹೋಗುತ್ತಾನೆ, ಅವಳು ವಿಷ ಕುಡಿಯುತ್ತಾಳೆ. ನಾನು ನಿಮಗೆ ತೋರಿಸಬೇಕೆಂದಿರುವುದು ಆರನೆಯ ಚಿತ್ರದ ಒಂದು ಮೂಲೆಯನ್ನು. ಮಗಳು ಕುರ್ಚಿಯಲ್ಲಿ ಪ್ರಾಣ ಬಿಡುತ್ತಿದ್ದಾಳೆ. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದ ಅವಳ ಮಗುವನ್ನು ದಾದಿ ಎತ್ತಿ ಹಿಡಿದು ಮುತ್ತಿಡಿಸುತ್ತಿದ್ದಾಳೆ. ಅಪ್ಪನೂ ಮಗಳ ಕೈ ಹಿಡಿದಿದ್ದಾನೆ. ದೂರದಿಂದ ನೋಡಿದರೆ ದುಃಖವೆನಿಸುತ್ತದೆ. ಹತ್ತಿರ ಹೋಗಿ ನೋಡಿ: ಅವನು ಅವಳ ಬೆರಳಿನಿಂದ ಉಂಗುರವನ್ನು ಕಳಚುತ್ತಿದ್ದಾನೆ. ಆತ್ಮಹತ್ಯೆ ಮಾಡಿಕೊಂಡವರ ಸೊತ್ತು ಸರ್ಕಾರದ ಪಾಲಾಗುತ್ತಿದ್ದ ಕಾಲ ಅದು. ಮೊದಲನೆಯ ಚಿತ್ರದಲ್ಲಿ ಬೆರಳಿಗೆ ಏರದ ಉಂಗುರ ಕೊನೆಯ ಚಿತ್ರದಲ್ಲಿ ಬೆರಳಿನಿಂದ ಇಳಿಯುತ್ತಿದೆ. ಇಷ್ಟು ಮಾಡಿದ ಮನುಷ್ಯನಿಗೆ 1751ರಲ್ಲಿ ಆರೂ ಚಿತ್ರಗಳಿಂದ ಸಿಕ್ಕಿದ್ದು 126 ಪೌಂಡು. ಚಿತ್ರಗಳಿಗಿಂತ ಅವುಗಳ ಅಚ್ಚುಗಳಿಂದಲೇ ಅವನ ಹೊಟ್ಟೆ ತುಂಬಿದ್ದು. ಆ ಅಚ್ಚುಗಳನ್ನು ಕದಿಯದಂತೆ 1735ರಲ್ಲಿ ಕಾಯಿದೆಯೊಂದನ್ನು ಮಾಡಿಸುವುದರಲ್ಲಿ ಅವನೇ ಮುಂದಾಳಾಗಿದ್ದನು.

ಈಗ ಮೊದಲು ತೋರಿಸಿದ ತುಣುಕನ್ನು ಪೂರ್ತಿ ಚಿತ್ರಕ್ಕೆ ಬಿಡಿಸುತ್ತೇನೆ. ಇದು ಜ್ಯಾಂ-ಬಾಪ್ತೀಸ್ತ್ ಗ್ರ್ಯೂಜ್ ಬರೆದ 'ಹಳ್ಳಿಯ ಮದುವೆಹೆಣ್ಣು', 1761ರ ಸಲೋನಿನದು, ಈಗ ಲೂವ್ರ್‌ನಲ್ಲಿದೆ. ಪ್ರದರ್ಶನ ಮುಗಿಯಲು ಕೆಲವೇ ದಿನಗಳಿರುವಾಗ ಇದು ಗೋಡೆಗೆ ಬಂತು. ಜನಸಂದಣಿಯಲ್ಲಿ ನುಗ್ಗಿ ಹತ್ತಿರ ಹೋಗುವುದೇ ಕಷ್ಟವಾಯಿತು ಎಂದು ದಿದೆರೊ ಬರೆದಿದ್ದಾನೆ. ಅದೇ ವರ್ಷ ಪ್ಯಾರಿಸಿನ ಇಟಾಲಿಯನ್ ನಾಟಕ ಮಂಡಳಿ ತನ್ನ ಆಟವೊಂದರ ನಡುವೆ ನಟರನ್ನು ಈ ಚಿತ್ರದಂತೆಯೇ ನಿಲ್ಲಿಸಿ ತೋರಿಸಿತು. ಪ್ರದರ್ಶನದ ಪಟ್ಟಿಯಲ್ಲಿ ಇದರ ಹೆಸರು ಉದ್ದವಾಗಿತ್ತು, ಆ ಉದ್ದದಲ್ಲಿಯೇ ಎಲ್ಲವೂ ಇದೆ: ಒಂದು ಮದುವೆ, ಮತ್ತು ಹೆಣ್ಣಿನ ತಂದೆ ಅಳಿಯನಿಗೆ ವರದಕ್ಷಿಣೆಯನ್ನು ಒಪ್ಪಿಸುವ ಗಳಿಗೆ. ಮಂತ್ರವಿಲ್ಲ, ಪಾದ್ರಿಯಿಲ್ಲ, ಇಗರ್ಜಿಯಿಲ್ಲ. ರೈತನ ಮನೆಯ ಒಳಗೆ, ಮೇಜಿನ ಮುಂದೆ ಕುಳಿತ ನೋಟರಿ ಕರಾರು ಬರೆಯುತ್ತಿದ್ದಾನೆ. ನಮ್ಮಲ್ಲಿ ಹಿರಿಯರು ಕೂಡಿ ಮಾತುಕತೆ ಮುಗಿಸಿ ತಾಂಬೂಲ ಬದಲಿಸುವ ಹೊತ್ತನ್ನು ನೆನಪಿಸಿಕೊಳ್ಳಿ. ಮನೆಯೊಳಗಿನ ಬಿಗಿ ಹೆಚ್ಚುಕಡಿಮೆ ಅದೇ.

ಕುರ್ಚಿಯಲ್ಲಿ ಕುಳಿತ ಮುದಿ ತಂದೆ ಎರಡೂ ತೋಳುಗಳನ್ನು ಅಳಿಯನ ಕಡೆಗೆ ಚಾಚಿ ಮಾತನಾಡುತ್ತಿದ್ದಾನೆ. ಹಣ ಕೊಟ್ಟಾಗಿದೆ, ಈಗ ಬುದ್ಧಿಮಾತು. ಹುಡುಗ ವಿನಯದಿಂದ ಬಾಗಿದ್ದಾನೆ. ಅವನ ಹಿಡಿತದಲ್ಲಿ ನಿಜವಾಗಿಯೂ ಇರುವುದು ಹಣದ ಚೀಲ. ಇತ್ತ ತಾಯಿ ಮಗಳ ಇನ್ನೊಂದು ತೋಳನ್ನು ಬಿಡಲಾರದೆ ಹಿಡಿದಿದ್ದಾಳೆ. ತಂಗಿ ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದಾಳೆ. ತಂದೆಯ ಕುರ್ಚಿಯ ಹಿಂದೆ ಇನ್ನೊಬ್ಬಳು ನಿಂತು ನೋಡುತ್ತಿರುವ ನೋಟದಲ್ಲಿ ಅಸೂಯೆ ಇದೆ ಎಂದು ಅಂದಿನಿಂದ ಇಂದಿನವರೆಗೆ ಎಲ್ಲರೂ ಹೇಳುತ್ತ ಬಂದಿದ್ದಾರೆ. ನೆಲದ ಮೇಲೆ ಕೋಳಿಯೊಂದು ಮರಿಗಳೊಡನೆ ಕಾಳು ಹೆಕ್ಕುತ್ತಿದೆ; ತಾಯಿಗೆ ಎಷ್ಟು ಮಕ್ಕಳೋ ಕೋಳಿಗೂ ಹೆಚ್ಚುಕಡಿಮೆ ಅಷ್ಟೇ ಮರಿಗಳೆಂದು ದಿದೆರೊ ಎಣಿಸಿದನು. ಒಟ್ಟು ಹನ್ನೆರಡು ಮಂದಿ. ಅವರ ನಟ್ಟನಡುವೆ ಈ ಹುಡುಗಿ ಎರಡು ಕಡೆಯ ಎಳೆತದಲ್ಲಿ ನಿಂತಿದ್ದಾಳೆ. ಒಂದು ತೋಳು ತಾಯಿಯ ವಶದಲ್ಲಿದೆ, ಇನ್ನೊಂದು ಗಂಡನ ತೋಳಿನಡಿ ಅರ್ಧಕ್ಕೆ ನಿಂತಿದೆ. ಆ ಬೆರಳ ತುದಿಗಳ ಸ್ಪರ್ಶವೇ ಅವಳು ಅವನಿಗೆ ತೋರಿಸುವ ಒಲವಿನ ಏಕೈಕ ಗುರುತು, ಅದೂ ಬಹುಶಃ ಅವಳಿಗೆ ಅರಿವಿಲ್ಲದೆ, ಎಂದು ದಿದೆರೊ ಗುರುತಿಸಿದನು. ಅವನ ಇನ್ನೊಂದು ಮಾತು ಇನ್ನೂ ಸೂಕ್ಷ್ಮವಾದದ್ದು: ಅವಳು ಗಂಡನ ಕಡೆಗೆ ಇನ್ನಷ್ಟು ವಾಲಿದ್ದರೆ ಮರ್ಯಾದೆ ಮೀರಿದಂತಾಗುತ್ತಿತ್ತು, ತಾಯಿ ತಂದೆಯ ಕಡೆಗೆ ಇನ್ನಷ್ಟು ವಾಲಿದ್ದರೆ ಸುಳ್ಳಾಗುತ್ತಿತ್ತು. ಒಂದು ಕೈ ಎಷ್ಟು ಅಂಗುಲ ಮುಂದೆ ಹೋಗಬಹುದು ಎಂಬ ಲೆಕ್ಕ ಅದು. ನಾಟಕೀಯತೆಗೆ ಹೆಸರಾದ, ಅತ್ತು ಕರೆಯುವ ಮುಖಗಳನ್ನು ಬರೆದು ಬರೆದು ನನ್ನಂಥವರಿಗೆ ಸುಸ್ತು ಮಾಡುವ ಗ್ರ್ಯೂಜ್ ಈ ಒಂದು ಕೈಯಲ್ಲಿ ಮಾತ್ರ ಪಿಸುಮಾತಿನಲ್ಲಿ ಹೇಳಿದ್ದಾನೆ.

ಈ ಹುಡುಗಿಯ ಮೇಲಿನ ಭಾರ ಎಂಥದ್ದು ಎಂಬುದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. 1556ರ ರಾಜಾಜ್ಞೆಯ ಪ್ರಕಾರ ಫ್ರಾನ್ಸಿನಲ್ಲಿ ಹೆಣ್ಣು 25 ವರ್ಷ, ಗಂಡು 30 ವರ್ಷ ತುಂಬುವವರೆಗೆ ಹೆತ್ತವರ ಒಪ್ಪಿಗೆಯಿಲ್ಲದೆ ಮದುವೆಯಾದರೆ ಆಸ್ತಿಯ ಹಕ್ಕನ್ನು ಕಳೆದುಕೊಳ್ಳಬಹುದಾಗಿತ್ತು. ಆದ್ದರಿಂದ ನೋಟರಿಯ ಮೇಜು ಚಿತ್ರದ ಅಲಂಕಾರವಲ್ಲ. ವಾತೋನ ತೋಟದಿಂದ ಮನೆಯ ಅಡುಗೆಕೋಣೆಗೆ ಹೋಗುವ ದಾರಿಯಲ್ಲಿ ಪ್ರತಿಯೊಬ್ಬರೂ ದಾಟಲೇಬೇಕಾದ ಸುಂಕದ ಕಟ್ಟೆ ಅದು. ಗ್ರ್ಯೂಜ್‌ನ ಸ್ವಂತ ಬದುಕಿನಲ್ಲಿ ಈ ಕಟ್ಟೆ ದಾಟಿದ್ದು ಶುಭವಾಗಲಿಲ್ಲ. ಪುಸ್ತಕ ವ್ಯಾಪಾರಿಯೊಬ್ಬನ ಮಗಳನ್ನು 1759ರಲ್ಲಿ ಮದುವೆಯಾದ ಅವನು, ಕ್ರಾಂತಿಯ ಸರ್ಕಾರ ವಿಚ್ಛೇದನಕ್ಕೆ ಅವಕಾಶ ಕೊಟ್ಟ ಮರುವರ್ಷ, 1793ರಲ್ಲಿ, ಅದನ್ನು ಬಳಸಿಕೊಂಡನು. ಅಕಾಡೆಮಿಯೂ ಅವನಿಗೆ ಸುಖ ಕೊಡಲಿಲ್ಲ. 1769ರಲ್ಲಿ ರೋಮನ್ ಚಕ್ರವರ್ತಿಯ ಪ್ರಸಂಗವೊಂದನ್ನು ಬರೆದು, ಚರಿತ್ರೆಯ ಚಿತ್ರಕಾರನೆಂದು ಒಪ್ಪಿಕೊಳ್ಳಿ ಎಂದು ಕೇಳಿಕೊಂಡನು. ಒಪ್ಪಿಕೊಂಡಿದ್ದೇವೆ, ಆದರೆ ಜಾನ್ರ್ ಚಿತ್ರಕಾರನೆಂದು, ಎಂದರು. ಆ ಅವಮಾನದ ನಂತರ ಅವನು ಬಹಳ ವರ್ಷ ಸಲೋನಿಗೆ ಚಿತ್ರ ಕಳುಹಿಸಲಿಲ್ಲ.

ಹೆತ್ತವರೂ ನೋಟರಿಯೂ ಇಲ್ಲದ ಕಡೆ ಕೈಗಳು ಏನು ಮಾಡುತ್ತವೆ ಎಂಬುದಕ್ಕೆ ಫ್ರೆಂಚ್ ಚಿತ್ರಕಾರ ಫ್ರಾಗೊನಾರನನ್ನು ನೋಡಬೇಕು. ಲಂಡನ್ನಿನ ವಾಲೆಸ್ ಸಂಗ್ರಹದಲ್ಲಿರುವ 'ಉಯ್ಯಾಲೆ' 1767ರ ಸುಮಾರಿನದು. ರಾಜಸಭೆಯ ಶ್ರೀಮಂತನೊಬ್ಬ ದ್ವಾಯೆನ್ ಎಂಬ ಚಿತ್ರಕಾರನನ್ನು ಕರೆಸಿ, ತನ್ನ ಪ್ರೇಯಸಿ ಉಯ್ಯಾಲೆಯ ಮೇಲಿರಬೇಕು, ಬಿಷಪ್ಪನೊಬ್ಬ ಅದನ್ನು ತೂಗಬೇಕು, ತಾನು ಅವಳ ಕಾಲುಗಳು ಕಾಣುವಂಥ ಜಾಗದಲ್ಲಿರಬೇಕು ಎಂದನಂತೆ. ಚರಿತ್ರೆಯ ಚಿತ್ರಕಾರನಾಗಿದ್ದ ದ್ವಾಯೆನ್ ಗಾಬರಿಯಾಗಿ ಫ್ರಾಗೊನಾರನ ಹೆಸರು ಹೇಳಿ ಕೈತೊಳೆದುಕೊಂಡನು. ಫ್ರಾಗೊನಾರ್ ಬಿಷಪ್ಪನನ್ನು ಬಿಟ್ಟು ಸಾಮಾನ್ಯ ಮುದುಕನೊಬ್ಬನನ್ನು ನೆರಳಿನಲ್ಲಿ ಕೂರಿಸಿ ಹಗ್ಗ ಕೊಟ್ಟನು. ಹುಡುಗಿಯ ಕೈಗಳು ಉಯ್ಯಾಲೆಯ ಹಗ್ಗದ ಮೇಲಿವೆ. ಪೊದೆಯಲ್ಲಿ ಮಲಗಿದ ಪ್ರಿಯಕರನ ತೋಳು ಟೋಪಿ ಹಿಡಿದು ಮುಂದೆ ಚಾಚಿದೆ. ಅವಳ ಪಾದರಕ್ಷೆಯೊಂದು ಗಾಳಿಯಲ್ಲಿ ಹಾರಿದೆ. ಯಾರ ಕೈಯೂ ಯಾರನ್ನೂ ಮುಟ್ಟಿಲ್ಲ. ಹತ್ತು ವರ್ಷದ ಮೇಲೆ ಅವನೇ ಬರೆದ 'ಅಗುಳಿ' ಎಂಬ ಲೂವ್ರ್‌ನ ಚಿತ್ರದಲ್ಲಿ ಆ ನಗೆಯಿಲ್ಲ. ಗಂಡಸು ಒಂದು ತೋಳಿನಿಂದ ಹೆಣ್ಣನ್ನು ಬಿಗಿಹಿಡಿದು, ಇನ್ನೊಂದರ ಬೆರಳ ತುದಿಯಿಂದ ಬಾಗಿಲ ಅಗುಳಿಯನ್ನು ಒಳಗೆ ನೂಕುತ್ತಿದ್ದಾನೆ. ಅವಳ ಕೈ ಅವನನ್ನು ದೂಡುತ್ತಿದೆ. ಪ್ರಣಯದ ಚಿತ್ರವೆಂದು ಇದನ್ನು ಬಹುಕಾಲ ಮೆಚ್ಚಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ದ ತ್ರುವಾನಲ್ಲಿ ಆಟವೋ ನಿಜವೋ ಎಂದು ಉಳಿದಿದ್ದ ಅನುಮಾನ ಇಲ್ಲಿ ಉಳಿದಿಲ್ಲವೆಂದೇ ನನ್ನ ಕಣ್ಣಿಗೆ ಕಾಣುತ್ತದೆ. ಇದರ ಅಚ್ಚುಚಿತ್ರ ಮಾರಾಟವಾಗಿ ಕೆಲವು ವರ್ಷಗಳ ಮೇಲೆ, 1792ರಲ್ಲಿ, ಜೊತೆಗೆ ತೂಗುಹಾಕಲೆಂದು 'ಕರಾರು' ಎಂಬ ಇನ್ನೊಂದು ಅಚ್ಚು ಬಂತು. ಅಗುಳಿ ಹಾಕಿದವನೇ ಮದುವೆಯ ಕರಾರಿಗೂ ಸಹಿ ಹಾಕಿ ಎಲ್ಲವನ್ನೂ ಸರಿಮಾಡಿದನೆಂದು ಕೊಳ್ಳುವವರು ಸಮಾಧಾನಪಟ್ಟುಕೊಂಡಿರಬೇಕು.

ಕೊನೆಗೆ ಉಳಿಸಿಕೊಂಡದ್ದು ಜ್ಯಾಂ ಸಿಮೆಯೋನ್ ಶಾರ್ದಾಂನನ್ನು. ಬಿಲಿಯರ್ಡ್ ಮೇಜುಗಳನ್ನು ಮಾಡುತ್ತಿದ್ದ ಬಡಗಿಯ ಮಗ ಇವನು; 1699ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿ, ಬಹುಮಟ್ಟಿಗೆ ಅಲ್ಲಿಯೇ ಎಂಬತ್ತು ವರ್ಷ ಬದುಕಿದನು. 1728ರಲ್ಲಿ ಅಕಾಡೆಮಿ ಅವನನ್ನು ಸೇರಿಸಿಕೊಂಡದ್ದು ಕೊನೆಯ ಎಲೆಗೆ, ಪ್ರಾಣಿ ಮತ್ತು ಹಣ್ಣುಗಳ ಚಿತ್ರಕಾರನೆಂದು. ಮನುಷ್ಯರನ್ನು ಬರೆಯಲು ಅವನು ತೊಡಗಿದ್ದರ ಬಗ್ಗೆ ಒಂದು ಕಥೆಯಿದೆ. ವ್ಯಕ್ತಿಚಿತ್ರಗಳನ್ನು ಬರೆಯುತ್ತಿದ್ದ ಗೆಳೆಯ ಅವೆದ್ ಎಂಬವನು, ಚಿತ್ರವೊಂದಕ್ಕೆ ಕೊಡಲು ಬಂದ 400 ಲೀವ್ರ್ (ಅಂದಿನ ಫ್ರೆಂಚ್ ಹಣ) ಸಾಲದೆಂದು ಬೇಡವೆಂದಾಗ ಶಾರ್ದಾಂ ಅವನನ್ನು ಆಕ್ಷೇಪಿಸಿದನು. ಮಾಂಸದ ಸಾಸೇಜನ್ನು ಬರೆದಷ್ಟು ಸುಲಭವಾಗಿ ಮನುಷ್ಯನನ್ನು ಬರೆಯಲಾಗುವುದಾದರೆ ಅದು ಸರಿಯಾದ ಮಾತೇ, ಎಂದು ಅವೆದ್ ತಿರುಗಿಸಿ ಹೇಳಿದನಂತೆ. ಆ ಮಾತು ನಾಟಿತು.

ಶಾರ್ದಾಂನ ಮನೆಗಳಲ್ಲಿ ಕೈಗಳಿಗೆ ನಾಟಕವಿಲ್ಲ, ಕೆಲಸವಿದೆ. ಆದರೆ ಆ ಕೆಲಸ ಯಾವಾಗಲೂ ಒಂದು ಗಳಿಗೆ ನಿಂತಿರುತ್ತದೆ. 1740ರಲ್ಲಿ ಹದಿನೈದನೆಯ ಲೂಯಿಗೆ ಒಪ್ಪಿಸಿದ 'ಊಟದ ಮುಂಚಿನ ಪ್ರಾರ್ಥನೆ'ಯನ್ನು ಲೂವ್ರ್‌ನಲ್ಲಿ ನೋಡಿದಾಗ ನನ್ನನ್ನು ಮೊದಲು ಬೆರಗುಗೊಳಿಸಿದ್ದು ಅದರ ಪುಟ್ಟತನ. ಎತ್ತರ ಅರ್ಧ ಮೀಟರೂ ಇಲ್ಲ. ತಾಯಿ ಮೇಜಿನ ಮೇಲೆ ಬಾಗಿ ಬಡಿಸುತ್ತಿದ್ದವಳು ಹಾಗೆಯೇ ನಿಂತು ಚಿಕ್ಕ ಮಗುವಿನ ಕಡೆ ನೋಡುತ್ತಿದ್ದಾಳೆ. ಮಗುವಿನ ಕೈಗಳು ಜೋಡಿವೆ. ಪ್ರಾರ್ಥನೆಯ ಸಾಲು ಮರೆತಿದೆಯೋ ಏನೋ. ಮಗುವಿನ ಕುರ್ಚಿಗೆ ಆಟದ ಡೋಲು ನೇತುಬಿದ್ದಿದೆ. ಪ್ರಾರ್ಥನೆ ಮುಗಿಯದೆ ಊಟವಿಲ್ಲ, ಊಟ ಮುಗಿಯದೆ ಡೋಲಿಲ್ಲ. ಗ್ಲಾಸ್ಗೋದಲ್ಲಿರುವ 1735ರ ಇನ್ನೊಂದು ಚಿತ್ರದಲ್ಲಿ ಹೆಂಗಸೊಬ್ಬಳು ಕೆಂಪು ಅರಗುಬಣ್ಣದ ಮೇಜಿನ ಪಕ್ಕದಲ್ಲಿ ಒಬ್ಬಳೇ ಕುಳಿತು ಚಹಾ ಕಲಕುತ್ತಿದ್ದಾಳೆ. ಬಟ್ಟಲಿನಿಂದ ಹಬೆ ಏಳುತ್ತಿದೆ, ಚಮಚ ಹಿಡಿದ ಕೈ ತನ್ನ ಪಾಡಿಗೆ ತಾನಿದೆ, ಕಣ್ಣು ಎಲ್ಲಿಯೋ ಇದೆ. ಇವಳು ಶಾರ್ದಾಂನ ಹೆಂಡತಿ ಮಾರ್ಗರೀತ್ ಎಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಆ ವರ್ಷದ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಳು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಈ ಶತಮಾನದ ಚಿತ್ರಗಳಲ್ಲಿ ಗಂಡನೊಬ್ಬ ಹೆಂಡತಿಯನ್ನು ಇಷ್ಟು ಸದ್ದಿಲ್ಲದೆ ನೋಡಿದ್ದನ್ನು ನಾನು ಬೇರೆ ಕಡೆ ಕಂಡಿಲ್ಲ.

ಹಾಗಾದರೆ ಶಾರ್ದಾಂನಲ್ಲಿ ಪ್ರಣಯವೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಬಾಗಿಲಾಚೆ ಇದೆ. 1739ರ 'ಸಂತೆಯಿಂದ ಬಂದವಳು' ಎಂಬ ಚಿತ್ರದಲ್ಲಿ ಕೆಲಸದವಳು ದೊಡ್ಡ ರೊಟ್ಟಿಗಳ ಭಾರವನ್ನು ಕಪಾಟಿನ ಮೇಲೆ ಇಳಿಸಿ ಒರಗಿ ನಿಂತಿದ್ದಾಳೆ. ಇನ್ನೊಂದು ಕೈಯ ಚೀಲದಿಂದ ಕೋಳಿಯ ಕಾಲು ಹೊರಚಾಚಿದೆ. ಅವಳ ಹಿಂದಿನ ಬಾಗಿಲಿನಾಚೆ, ಚಿತ್ರದಲ್ಲಿ ಹೆಬ್ಬೆರಳಿನಷ್ಟು ಜಾಗದಲ್ಲಿ, ಇನ್ನೊಬ್ಬ ಹುಡುಗಿ ಹೊರಬಾಗಿಲಲ್ಲಿ ಯಾರೊಡನೆಯೋ ಮಾತಿಗೆ ನಿಂತಿದ್ದಾಳೆ. ದ ತ್ರುವಾ ಆಗಿದ್ದರೆ ಆ ಬಾಗಿಲಿನ ಮಾತೇ ಇಡೀ ಚಿತ್ರವಾಗುತ್ತಿತ್ತು. ಶಾರ್ದಾಂಗೆ ರೊಟ್ಟಿಯ ಭಾರ ಮುಖ್ಯ.

ಅವನು ಮನುಷ್ಯರನ್ನು ಬರೆಯಲು ತೊಡಗಿದ ಮೊದಮೊದಲ ದಿನಗಳ, 1733ರ ಚಿತ್ರವೊಂದನ್ನು ತೋರಿಸಿ ನಿಲ್ಲಿಸುತ್ತೇನೆ. ಬರ್ಲಿನ್ನಿನ ಶಾರ್ಲೊಟನ್‌ಬುರ್ಗ್ ಅರಮನೆಯಲ್ಲಿರುವ ಇದರಲ್ಲಿ ಪಟ್ಟೆ ಉಡುಪಿನ ತರುಣಿಯೊಬ್ಬಳು ಪತ್ರ ಬರೆದು ಮಡಿಸಿ, ಮೊಹರು ಹಾಕಲು ಅರಗಿನ ಕಡ್ಡಿ ಹಿಡಿದು ಮುಂದೆ ಬಾಗಿದ್ದಾಳೆ. ಸೇವಕ ಮೇಣದಬತ್ತಿ ಹಚ್ಚುತ್ತಿದ್ದಾನೆ. ನಾಯಿ ತಲೆಯೆತ್ತಿದೆ. ಪತ್ರ ಯಾರಿಗೆ ಎಂಬ ಸುಳಿವು ಎಲ್ಲಿಯೂ ಇಲ್ಲ. ಇದರ ಅಚ್ಚು ಮಾಡಿದವರಿಗೆ ಈ ಮೌನ ಸಹಿಸಲಾಗಲಿಲ್ಲ. ಕೆಳಗೆ ಪದ್ಯವೊಂದನ್ನು ಸೇರಿಸಿದರು. ಬೇಗ ಮಾಡೋ, ನಿನ್ನ ಒಡತಿಯ ಕಣ್ಣಿನಲ್ಲಿ ಒಲವಿನ ಅವಸರವನ್ನು ಕಾಣೆಯಾ, ಎಂಬರ್ಥದ ಸಾಲುಗಳು. ಪದ್ಯವನ್ನು ಕೈಯಿಂದ ಮುಚ್ಚಿ ಚಿತ್ರವನ್ನಷ್ಟೇ ನೋಡಿ. ಅವಳ ಒಂದು ಕೈಯಲ್ಲಿ ಅರಗು, ಇನ್ನೊಂದರಲ್ಲಿ ಕಾಗದ. ಬತ್ತಿ ಸರಿಯಾಗಿ ಹತ್ತಿಕೊಳ್ಳುವವರೆಗೆ ಎರಡೂ ಹಾಗೆಯೇ ಇರಬೇಕು.